ಉಪ್ಪಿನಿಂದ ಗಟ್ಟಿಯಾದ ಶಾಂಪೂ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ದಾವಣಗೆರೆಯಲ್ಲಿರುವ ನಮ್ಮ ಅಂಗಡಿಗೆ, ಸಮೀಪದ ತಾಲ್ಲೂಕಿನ ಸ್ವಸಹಾಯ ಸಂಘವೊಂದರ ಇಬ್ಬರು ಸದಸ್ಯೆಯರು ಎರಡು ರಟ್ಟಿನ ಪೆಟ್ಟಿಗೆಗಳನ್ನು ಆಟೋರಿಕ್ಷಾದಲ್ಲಿ ತಂದಿಳಿಸಿದರು. ಪೆಟ್ಟಿಗೆಗಳ ತುಂಬ ಅವರೇ ತಯಾರಿಸಿದ ಶಾಂಪೂ ಸೀಸೆಗಳಿದ್ದವು. ಜನವರಿಯಲ್ಲಿ ತುಂಬಿದಾಗ ಜೇನುತುಪ್ಪದಂತೆ ಇಳಿಯುತ್ತಿದ್ದ ಆ ದ್ರವವು ಏಪ್ರಿಲ್ ಹೊತ್ತಿಗೆ ನೀರಿನಂತಾಗಿ, ಊರಿನ ಅಂಗಡಿಯವರು ಮಾಲನ್ನು ಹಿಂದಿರುಗಿಸಿದ್ದರು. ಇಬ್ಬರಲ್ಲಿ ಹಿರಿಯರಾದವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಅಣ್ಣಾ, ತೆಳ್ಳಗಾದ್ರೆ ಇನ್ನೊಂದು ಹಿಡಿ ಉಪ್ಪು ಹಾಕ್ರಿ ಅಂತ ತರಬೇತಿಯಲ್ಲಿ ಹೇಳಿದ್ರು. ಸೀಸೆಯಿಂದ ಸುರಿದು ಮತ್ತೆ ಹಾಕಿದ್ವಿ. ಹಾಕಿದಷ್ಟೂ ನೀರಾಯ್ತು.”

ತರಬೇತಿ ನೀಡಿದವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಆದರೆ ಕಚ್ಚಾ ಸಾಮಗ್ರಿ ಮಾರಿದವನು ನಾನೇ ಎಂಬುದನ್ನು ಮರೆಮಾಚುವುದು ಸರಿಯಲ್ಲ. ‘ಶಾಂಪೂ ಕಿಟ್’ ಎಂಬ ಹೆಸರಿನಲ್ಲಿ ನಾವು ಮಾರುತ್ತಿದ್ದ ಪೊಟ್ಟಣದಲ್ಲಿ ಬಿಳಿಯ ಪೇಸ್ಟು, ಒಂದು ಸಣ್ಣ ಡಬ್ಬಿ ಹಳದಿ ದ್ರವ, ಸುಗಂಧ, ಬಣ್ಣ ಮತ್ತು ಒಂದು ಚೀಲ ಉಪ್ಪು ಇರುತ್ತಿದ್ದವು. ಉಪ್ಪಿನ ಚೀಲದ ಮೇಲೆ ಎಷ್ಟು ಹಾಕಬೇಕೆಂದು ಬರೆದಿರಲಿಲ್ಲ. ಆ ಸಂಘದವರು ಬ್ಯಾಂಕಿನಿಂದ ಸಾಲ ಪಡೆದು ಈ ಕೆಲಸಕ್ಕೆ ಇಳಿದಿದ್ದರು. ಮಾಲು ಹಿಂದಿರುಗಿತೆಂದು ಕಂತು ನಿಲ್ಲುವುದಿಲ್ಲ. ಈ ಲೇಖನ ಬರೆಯಲು ನನಗೆ ಇರುವ ಅರ್ಹತೆ ಎಂದರೆ ಆ ಎರಡು ಪೆಟ್ಟಿಗೆಗಳು ಮಾತ್ರ.

ನಮ್ಮ ಜಿಲ್ಲೆಯಲ್ಲಿ ಮಾತ್ರವಲ್ಲ, ರಾಜ್ಯದ ಬಹುಪಾಲು ಊರುಗಳಲ್ಲಿ ಮನೆಮಟ್ಟದಲ್ಲಿ ಶಾಂಪೂ, ಪಾತ್ರೆ ತೊಳೆಯುವ ದ್ರವ, ಫಿನೈಲ್ ಮುಂತಾದವುಗಳನ್ನು ತಯಾರಿಸುವವರ ಸಂಖ್ಯೆ ಹೆಚ್ಚುತ್ತಿರುವುದನ್ನು ಸದಸ್ಯರು ಬಲ್ಲರು. ಅಲ್ಪ ಬಂಡವಾಳ, ಸುಲಭ ಸಲಕರಣೆ, ದಿನನಿತ್ಯದ ಬೇಡಿಕೆ. ಹೀಗಾಗಿ ಇದು ಆಕರ್ಷಕ ಉದ್ಯೋಗವೇ ಸರಿ. ಆದರೆ ಈ ವ್ಯವಹಾರದಲ್ಲಿ ತಯಾರಕರು, ಅಂಗಡಿಯವರು, ಗ್ರಾಹಕರು ಎಲ್ಲರೂ ಮಾಲಿನ ಗುಣವನ್ನು ಒಂದೇ ಲಕ್ಷಣದಿಂದ ಅಳೆಯುತ್ತಾರೆ: ಅದು ಗಟ್ಟಿಯಾಗಿದೆಯೇ, ಇಲ್ಲವೇ? ಈ ಅಳತೆಗೋಲೇ ತಪ್ಪು, ಮತ್ತು ಈ ತಪ್ಪು ಅಳತೆಗೋಲು ನಮ್ಮ ಸಣ್ಣ ತಯಾರಕರನ್ನು ನಷ್ಟಕ್ಕೆ ದೂಡುತ್ತಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಹಿರಿಯರ ಬಚ್ಚಲುಮನೆಯಲ್ಲಿ ಈ ಗೊಂದಲ ಇರಲಿಲ್ಲ. ಅಂಟವಾಳದ ಕಾಯಿಯನ್ನು ನೆನೆಸಿ ಕಿವುಚಿದ ನೀರು ನೀರಿನಷ್ಟೇ ತೆಳು. ಆದರೂ ನೊರೆ ಬರುತ್ತದೆ, ಎಣ್ಣೆಯ ಜಿಡ್ಡನ್ನು ತೆಗೆಯುತ್ತದೆ, ರೇಷ್ಮೆ ಸೀರೆಯನ್ನೂ ಒಗೆಯುತ್ತದೆ. ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಗೊಂಪು ಕೈಯಿಂದ ಜಾರದಷ್ಟು ಮಂದವಾಗಿರುತ್ತದೆ. ಅದು ಕೂದಲನ್ನು ನುಣುಪಾಗಿಸುತ್ತದೆ, ಆದರೆ ಅಭ್ಯಂಜನದ ಎಣ್ಣೆಯನ್ನು ಬಿಡಿಸುವ ಶಕ್ತಿ ಅದಕ್ಕೆ ಕಡಿಮೆ. ಅಂಟವಾಳದಲ್ಲಿರುವುದು ಸಪೋನಿನ್ ಎಂಬ ಸಹಜ ಮಾರ್ಜಕ, ಗೊಂಪಿನಲ್ಲಿರುವುದು ಲೋಳೆ. ತೊಳೆಯುವ ಗುಣ ಬೇರೆ, ಮಂದತೆ ಬೇರೆ ಎಂಬುದನ್ನು ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಾಲಯಕ್ಕೂ ಹೋಗದೆ ತಿಳಿದಿದ್ದರು. ಸೀಸೆಯ ಶಾಂಪೂ ಬಂದ ಮೇಲೆ ಎರಡೂ ಒಂದೇ ಎಂಬ ಭ್ರಮೆ ನಮ್ಮನ್ನು ಆವರಿಸಿತು.

ಮಾರ್ಜಕದ ಆಯ್ಕೆ

ಶಾಂಪೂವಿನ ಜೀವಾಳ ಸರ್ಫ್ಯಾಕ್ಟೆಂಟ್, ಅಂದರೆ ಮಾರ್ಜಕ ದ್ರವ್ಯ. ಇದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಎಣ್ಣೆಯನ್ನು ಬಯಸುವ ಒಂದು ಬಾಲ ಇರುತ್ತದೆ. ಬಾಲಗಳು ಜಿಡ್ಡನ್ನು ಹಿಡಿದುಕೊಳ್ಳುತ್ತವೆ, ತಲೆಗಳು ಅದನ್ನು ನೀರಿನೊಡನೆ ಹೊರಗೊಯ್ಯುತ್ತವೆ. ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸೋಡಿಯಂ ಲಾರೆತ್ ಸಲ್ಫೇಟ್, ಎಸ್‌ಎಲ್‌ಇಎಸ್. ಇದನ್ನು ಅನೇಕರು ಬಾಯಿಮಾತಿನಲ್ಲಿ ಎಸ್‌ಎಲ್‌ಎಸ್ ಎಂದೇ ಕರೆಯುತ್ತಾರೆ. ಆದರೆ ಎಸ್‌ಎಲ್‌ಎಸ್ ಎಂಬುದು ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಬೇರೆಯದೇ ವಸ್ತು. ಅದು ಚರ್ಮಕ್ಕೆ ಹೆಚ್ಚು ತೀಕ್ಷ್ಣ, ಚಳಿಯಲ್ಲಿ ಹರಳುಗಟ್ಟುವ ಸ್ವಭಾವದ್ದು. ಒಂದು ಅಕ್ಷರದ ವ್ಯತ್ಯಾಸದಿಂದ ಬೇರೆ ಡ್ರಮ್ಮು ಮನೆಗೆ ಬಂದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಬಿಲ್ಲಿನಲ್ಲಿ ಪೂರ್ಣ ಹೆಸರನ್ನು ಬರೆಯುವುದು ವರ್ತಕರಾದ ನಮ್ಮ ಕರ್ತವ್ಯ.

ಇದಕ್ಕಿಂತ ದೊಡ್ಡ ಗೊಂದಲ ಸಕ್ರಿಯಾಂಶದ್ದು. ಎಸ್‌ಎಲ್‌ಇಎಸ್ ಶೇ. 70ರ ಪೇಸ್ಟಾಗಿಯೂ ಶೇ. 28ರ ದ್ರವವಾಗಿಯೂ ದೊರೆಯುತ್ತದೆ. 14 ಕಿಲೋ ಪೇಸ್ಟಿನಲ್ಲಿ 9.8 ಕಿಲೋ ಸಕ್ರಿಯಾಂಶವಿದೆ. ಅಷ್ಟೇ ಸಕ್ರಿಯಾಂಶಕ್ಕೆ ಶೇ. 28ರ ದ್ರವ 35 ಕಿಲೋ ಬೇಕು. ಉಳಿದ 21 ಕಿಲೋ ಬಹುತೇಕ ನೀರು. ಅದರ ಸಾಗಾಣಿಕೆ ವೆಚ್ಚವನ್ನು ಕೊಳ್ಳುವವರೇ ಭರಿಸುತ್ತಾರೆ. ಹಾಗೆಂದು ಪೇಸ್ಟೇ ಲೇಸೆಂದು ಹೇಳಲಾರೆ. ಪೇಸ್ಟಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿದರೆ ಅದು ಕರಗುವ ಬದಲು ಮೊದಲಿಗಿಂತಲೂ ಗಟ್ಟಿಯಾದ ಗೋಂದಿನಂತಾಗಿ ಬಕೆಟ್ಟಿನ ತಳಕ್ಕೆ ಹತ್ತಿಕೊಳ್ಳುತ್ತದೆ. ಸಾಕಷ್ಟು ನೀರನ್ನು ಮೊದಲು ತೆಗೆದುಕೊಂಡು ಅದಕ್ಕೆ ಪೇಸ್ಟನ್ನು ಅಲ್ಪಾಲ್ಪವಾಗಿ ಹಾಕಿ, ನೊರೆ ಏಳದಂತೆ ನಿಧಾನವಾಗಿ ಕಲಕಬೇಕು. ಕಲಕುವ ಯಂತ್ರವಿಲ್ಲದ ಮನೆಯವರಿಗೆ ಶೇ. 28ರ ದ್ರವವೇ ಅನುಕೂಲ. ಎರಡೂ ಮಾಲನ್ನು ಒಂದೇ ಹೆಸರಿನಲ್ಲಿ ಮಾರಿ, ಒಂದರ ಅಳತೆಯ ಚೀಟಿಯನ್ನು ಇನ್ನೊಂದರ ಜೊತೆ ಕೊಟ್ಟು ಕಳುಹಿಸುವುದೇ ಆಗಬಾರದ ಕೆಲಸ.

ಎಸ್‌ಎಲ್‌ಇಎಸ್ ಒಂದನ್ನೇ ಬಳಸಿದರೆ ಕೂದಲು ಒರಟಾಗುವುದುಂಟು. ಆದ್ದರಿಂದ ಅದರ ಜೊತೆಗೆ ಕೋಕಮಿಡೋಪ್ರೊಪೈಲ್ ಬೀಟೇನ್ ಎಂಬ ಹಳದಿ ದ್ರವವನ್ನು ಸೇರಿಸುತ್ತಾರೆ. ವ್ಯಾಪಾರದಲ್ಲಿ ಇದು ಸಿಎಪಿಬಿ. ಇದರ ಸಕ್ರಿಯಾಂಶ ಸುಮಾರು ಶೇ. 30. ಇದು ಮಾರ್ಜಕದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ನೊರೆಯನ್ನು ನಿಲ್ಲಿಸುತ್ತದೆ, ಮಂದತೆಯನ್ನೂ ಹೆಚ್ಚಿಸುತ್ತದೆ. ಬಹಳ ಮಂದಿ ಗಮನಿಸದ ವಿಷಯವೊಂದಿದೆ. ಬೀಟೇನ್ ತಯಾರಾಗುವಾಗಲೇ ಅದರಲ್ಲಿ ಸುಮಾರು ಶೇ. 5ರಷ್ಟು ಉಪ್ಪು ಉಳಿದಿರುತ್ತದೆ. ನೂರು ಕಿಲೋ ಶಾಂಪೂವಿಗೆ 8 ಕಿಲೋ ಬೀಟೇನ್ ಹಾಕಿದರೆ, ಉಪ್ಪಿನ ಚೀಲವನ್ನು ಬಿಚ್ಚುವ ಮೊದಲೇ ಸುಮಾರು 400 ಗ್ರಾಂ ಉಪ್ಪು ಒಳಗೆ ಹೋಗಿರುತ್ತದೆ.

ನಾನು ಈಗ ಕೇಳಿದವರಿಗೆಲ್ಲ ಹೇಳುವ ಸರಳ ಅಳತೆ ಇದು: ನೂರು ಕಿಲೋ ಶಾಂಪೂವಿಗೆ ಶೇ. 28ರ ಎಸ್‌ಎಲ್‌ಇಎಸ್ 35 ಕಿಲೋ, ಬೀಟೇನ್ 8 ಕಿಲೋ. ಸಕ್ರಿಯಾಂಶ ಕ್ರಮವಾಗಿ 9.8 ಮತ್ತು 2.4 ಕಿಲೋ, ಒಟ್ಟು ಶೇ. 12.2. ಈ ಮಾರ್ಜಕವನ್ನು ಅರ್ಧಕ್ಕೆ ಇಳಿಸಿ, ಉಪ್ಪು ಮತ್ತು ಅಂಟುಗಳ ನೆರವಿನಿಂದ ಅಷ್ಟೇ ಗಟ್ಟಿಯಾಗಿ ಕಾಣುವ ಶಾಂಪೂವನ್ನು ತಯಾರಿಸಲು ಸಾಧ್ಯವಿದೆ. ಸೀಸೆಯನ್ನು ಓರೆ ಮಾಡಿ ನೋಡುವ ಗ್ರಾಹಕರಿಗೆ ಎರಡೂ ಒಂದೇ. ಎಣ್ಣೆ ಹಚ್ಚಿದ ತಲೆಗೆ ಎರಡು ಬಾರಿ, ಮೂರು ಬಾರಿ ಹಾಕಿದರೂ ನೊರೆ ಬಾರದಿದ್ದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆಗ ಅವರು ದೂರು ಹೇಳಲು ಬರುವುದಿಲ್ಲ. ಮುಂದಿನ ಬಾರಿ ದೊಡ್ಡ ಕಂಪನಿಯ ಪೊಟ್ಟಣವನ್ನು ಕೊಳ್ಳುತ್ತಾರೆ, ಅಷ್ಟೇ.

ಪಾತ್ರೆ ತೊಳೆಯುವ ದ್ರವಕ್ಕೆ ಬಳಸುವ ಆಸಿಡ್ ಸ್ಲರಿಯನ್ನು ಶಾಂಪೂವಿಗೂ ಹಾಕುವವರಿದ್ದಾರೆ. ಅಗ್ಗವೆಂಬುದು ನಿಜ. ಆದರೆ ಅದು ಬಟ್ಟೆಗೂ ಪಾತ್ರೆಗೂ ಸಲ್ಲುವ ಮಾರ್ಜಕ. ತಲೆಯ ಚರ್ಮಕ್ಕೆ ಅದನ್ನು ಸುರಿಯುವುದನ್ನು ಯಾವ ಲಾಭದ ಲೆಕ್ಕವೂ ಸಮರ್ಥಿಸಲಾರದು. ಇನ್ನೊಂದು ತುದಿಯಲ್ಲಿ ‘ಸಲ್ಫೇಟ್ ರಹಿತ’ ಎಂಬ ಹೊಸ ಮೋಹವಿದೆ. ಡೆಸಿಲ್ ಗ್ಲೂಕೋಸೈಡ್‌ನಂಥ ಮೃದು ಮಾರ್ಜಕಗಳು ಒಳ್ಳೆಯವೇ. ಆದರೆ ಅವು ಬರುವಾಗ ಬಲವಾದ ಕ್ಷಾರೀಯವಾಗಿರುತ್ತವೆ. ಸಿಟ್ರಿಕ್ ಆಮ್ಲದಿಂದ ಪಿಎಚ್ ಇಳಿಸದೆ ಬಳಸಿದರೆ ಕೂದಲಿಗೆ ಹಾನಿ. ಅವುಗಳ ಅಣುವಿಗೆ ವಿದ್ಯುದಂಶವಿಲ್ಲದ ಕಾರಣ ಉಪ್ಪಿನಿಂದ ಮಂದವಾಗುವುದೂ ಇಲ್ಲ. ಅತ್ತ ಆಲ್ಫಾ ಓಲೆಫಿನ್ ಸಲ್ಫೊನೇಟ್ ಎಂಬ ಮಾರ್ಜಕ ಹೆಸರಿನಲ್ಲಿ ಸಲ್ಫೇಟ್ ಅಲ್ಲ, ಆದರೆ ಜಿಡ್ಡು ತೆಗೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸಲ್ಫೇಟ್ ಇಲ್ಲವೆಂದ ಮಾತ್ರಕ್ಕೆ ಅದು ಮೃದುವಾಗಿಬಿಡುವುದಿಲ್ಲ. ಎಸ್‌ಎಲ್‌ಇಎಸ್‌ನ ಕೆಲಸವನ್ನೇ ಸರಿಯಾಗಿ ಕಲಿಯದವರು ಈ ಮೋಹಕ್ಕೆ ಬಿದ್ದು ಇನ್ನಷ್ಟು ಹಣ ಕಳೆದುಕೊಳ್ಳುವುದನ್ನು ನೋಡಿ ಬೇಸರವಾಗುತ್ತದೆ.

ಉಪ್ಪು ಮಾಡುವ ಕೆಲಸ

ಈಗ ಉಪ್ಪಿನ ವಿಷಯಕ್ಕೆ ಬರೋಣ. ಹಾಕಿದಷ್ಟೂ ನೀರಾದದ್ದೇಕೆ? ನೀರಿನಲ್ಲಿ ಮಾರ್ಜಕದ ಅಣುಗಳು ಒಂಟಿಯಾಗಿರದೆ ಗುಂಪುಗೂಡಿ ಮಿಸೆಲ್ ಎಂಬ ಸೂಕ್ಷ್ಮ ಉಂಡೆಗಳಾಗುತ್ತವೆ. ಎಸ್‌ಎಲ್‌ಇಎಸ್‌ನ ತಲೆಗಳಿಗೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಂಡೆಗಳು ದೊಡ್ಡದಾಗುವುದಿಲ್ಲ, ದ್ರವ ತೆಳುವಾಗಿಯೇ ಉಳಿಯುತ್ತದೆ. ಉಪ್ಪು ಸೇರಿದಾಗ ಅದರ ಸೋಡಿಯಂ ಈ ತಳ್ಳಾಟವನ್ನು ತಗ್ಗಿಸುತ್ತದೆ. ಅಣುಗಳು ಒತ್ತೊತ್ತಾಗಿ ಕೂಡಿ ಉಂಡೆಗಳು ಎರೆಹುಳುಗಳಂತೆ ಉದ್ದವಾಗುತ್ತವೆ. ಉದ್ದವಾದವು ಒಂದಕ್ಕೊಂದು ಹೆಣೆದುಕೊಂಡು, ಬಟ್ಟಲಿನಲ್ಲಿನ ಶಾವಿಗೆಯಂತೆ ದ್ರವದ ಹರಿವನ್ನು ತಡೆಯುತ್ತವೆ. ನಾವು ಮಂದತೆ ಎನ್ನುವುದು, ಪಠ್ಯಪುಸ್ತಕ ಸ್ನಿಗ್ಧತೆ ಎನ್ನುವುದು, ಈ ಹೆಣಿಗೆಯನ್ನೇ.

ಆದರೆ ಈ ಏರಿಕೆಗೆ ಒಂದು ಶಿಖರವಿದೆ. ಅದನ್ನು ದಾಟಿ ಉಪ್ಪು ಹಾಕಿದರೆ ಹೆಣಿಗೆಯ ಸ್ವರೂಪ ಬದಲಾಗಿ ಎಳೆಗಳು ಸುಲಭವಾಗಿ ಜಾರತೊಡಗುತ್ತವೆ, ದ್ರವ ಮತ್ತೆ ತೆಳುವಾಗುತ್ತದೆ. ಇನ್ನೂ ಹಾಕಿದರೆ ಮೋಡದಂತೆ ಕಲಕಿ ಎರಡು ಪದರಗಳಾಗುವುದೂ ಉಂಟು. ಮೊದಲ ಹಿಡಿ ಗಟ್ಟಿ ಮಾಡಿತೆಂದು ಎರಡನೆಯ ಹಿಡಿಯೂ ಮಾಡೀತೆಂಬ ತರ್ಕ ಇಲ್ಲಿ ನಡೆಯದು. ಶಿಖರ ಎಲ್ಲಿದೆ ಎಂಬುದು ಮಾರ್ಜಕದ ಪ್ರಮಾಣ, ಬೀಟೇನ್, ಪಿಎಚ್, ಸುಗಂಧ, ಉಷ್ಣತೆ ಇವೆಲ್ಲವನ್ನೂ ಅವಲಂಬಿಸಿದೆ. ಸಾಮಾನ್ಯವಾಗಿ ಒಟ್ಟು ಉಪ್ಪು ಶೇ. 1ರಿಂದ 3ರ ನಡುವೆ ಇರುತ್ತದೆಂದು ಹೇಳಬಹುದಾದರೂ, ಆ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ.

ಸುಗಂಧದ ವಿಷಯದಲ್ಲಿ ಒಂದು ಮಾತು. ಒಂದು ಸುಗಂಧ ಶಾಂಪೂವನ್ನು ಗಟ್ಟಿಯಾಗಿಸಿದರೆ ಇನ್ನೊಂದು ಅದನ್ನೇ ನೀರಾಗಿಸುತ್ತದೆ. ಮಲ್ಲಿಗೆಗೆ ಹೊಂದಿದ ಉಪ್ಪಿನ ಅಳತೆ ಗುಲಾಬಿಗೆ ಹೊಂದಬೇಕೆಂದಿಲ್ಲ. ಆದ್ದರಿಂದ ಸುಗಂಧ, ಬಣ್ಣ, ಸಂರಕ್ಷಕ ಎಲ್ಲವನ್ನೂ ಸೇರಿಸಿ, ಪಿಎಚ್ ಸರಿಪಡಿಸಿದ ನಂತರವೇ, ಕಟ್ಟಕಡೆಗೆ ಉಪ್ಪಿಗೆ ಕೈಹಾಕಬೇಕು. ಉಪ್ಪನ್ನು ಹಿಡಿಯಿಂದ ಎಸೆಯಬಾರದು, ಶೇ. 20ರ ಉಪ್ಪುನೀರು ಮಾಡಿಟ್ಟುಕೊಳ್ಳಬೇಕು. ನೂರು ಕಿಲೋಗೆ ಒಂದು ಕಿಲೋ ಉಪ್ಪುನೀರು ಹಾಕಿದರೆ ಶೇ. 0.2ರಷ್ಟು ಉಪ್ಪು ಸೇರಿದಂತಾಯಿತು. ಪ್ರತಿ ಬಾರಿ ಹಾಕಿದ ಮೇಲೂ ಕಾಯಬೇಕು, ನೊರೆ ಇಳಿಯಬೇಕು, ದ್ರವ ತಣ್ಣಗಾಗಬೇಕು. ಬಿಸಿಯಿರುವಾಗ ತೆಳುವಾಗಿ ಕಂಡದ್ದಕ್ಕೆ ಅವಸರದಿಂದ ಉಪ್ಪು ಸುರಿದು ಮರುದಿನ ತಲೆಯ ಮೇಲೆ ಕೈಹೊತ್ತವರು ಅನೇಕರಿದ್ದಾರೆ. ಮಂದತೆ ಏರುವುದು ನಿಧಾನವಾಗುತ್ತಿದೆ ಎನಿಸಿದಾಗಲೇ ನಿಲ್ಲಿಸುವುದು ಜಾಣತನ. ಶಿಖರದ ತುದಿಯಲ್ಲಿ ನಿಂತ ಶಾಂಪೂವಿಗೆ ಬೇಸಿಗೆಯ ಒಂದು ಬಿಸಿ ಗಾಳಿ ಸಾಕು.

ಏಕೆಂದರೆ ಉಷ್ಣತೆ ಹೆಚ್ಚಾದಂತೆ ಮಿಸೆಲ್‌ಗಳ ಹೆಣಿಗೆ ಸಡಿಲವಾಗುತ್ತದೆ. ಜನವರಿಯ ಮುಂಜಾನೆ ದಾವಣಗೆರೆಯಲ್ಲಿ ಹದವಾಗಿ ಕಂಡದ್ದು, ಏಪ್ರಿಲ್-ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಅಂಗಡಿ ಕಪಾಟಿನಲ್ಲಿ ಹಾಗೆಯೇ ಇರದು. ಇದು ಮೋಸವಲ್ಲ, ದ್ರವದ ಸ್ವಭಾವ. ಸಂಘದವರು ಮಾಡಿದ ತಪ್ಪೆಂದರೆ, ಸಹಜವಾಗಿ ತೆಳುವಾದ ದ್ರವಕ್ಕೆ ಮತ್ತೆ ಉಪ್ಪು ಹಾಕಿ ಅದನ್ನು ಶಿಖರದ ಆಚೆಗೆ ದೂಡಿದ್ದು. ಅಂಗಡಿಯ ಹಿಂಭಾಗದಲ್ಲಿ ನಾವು ಒಂದು ಲೀಟರಿಗೆ ಉಪ್ಪು ಹಾಕದ ಮೂಲ ದ್ರಾವಣವನ್ನು ಬೆರೆಸುತ್ತ ಹೋದೆವು. ಉಪ್ಪಿನ ಪಾಲು ಇಳಿದಂತೆ ದ್ರವ ಮತ್ತೆ ಮಂದವಾಗತೊಡಗಿತು. ಅವರ ಮುಖ ಅರಳಿತು. ಆದರೆ ಎರಡನೆಯ ಪೆಟ್ಟಿಗೆಯ ಸೀಸೆಗಳಲ್ಲಿ ಹುಳಿ ವಾಸನೆ ಬರುತ್ತಿತ್ತು. ಅವನ್ನು ಚೆಲ್ಲದೆ ಬೇರೆ ದಾರಿಯಿರಲಿಲ್ಲ.

ಆ ವಾಸನೆಗೆ ಕಾರಣ ಬೇರೆ. ಶೇ. 70ರ ಪೇಸ್ಟಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು ಕಷ್ಟ, ಅದನ್ನೇ ಶೇ. 10-12ಕ್ಕೆ ಇಳಿಸಿದರೆ, ಅದಕ್ಕೆ ಅಂಟೋ ಗಿಡಮೂಲಿಕೆಯ ರಸವೋ ಸೇರಿದರೆ, ಅವುಗಳಿಗೆ ಅದು ಹಬ್ಬದೂಟ. ಸೋಡಿಯಂ ಬೆಂಜೊಯೇಟ್ ಹಾಕಿದ್ದೇವೆ ಎನ್ನುತ್ತಾರೆ. ಆದರೆ ಅದು ಕೆಲಸ ಮಾಡುವುದು ಪಿಎಚ್ ಸುಮಾರು 5 ಅಥವಾ ಅದಕ್ಕಿಂತ ಕೆಳಗಿದ್ದಾಗ. ಪಿಎಚ್ 7ರ ಶಾಂಪೂವಿನಲ್ಲಿ ಅದು ಇದ್ದೂ ಇಲ್ಲದಂತೆ. ಕೆಲವು ನೂರು ರೂಪಾಯಿಗಳ ಪಿಎಚ್ ಕಾಗದ ಇಲ್ಲದೆ ಹೋದದ್ದರಿಂದ ಒಂದು ಪೆಟ್ಟಿಗೆ ಮಾಲು ಚರಂಡಿ ಸೇರಿತು. ಪಿಎಚ್ ಇಳಿಸುವಾಗ ಬೀಟೇನ್‌ನ ಸ್ವಭಾವ ಬದಲಾಗಿ ಮಂದತೆ ಏರುವುದೂ ಉಂಟು. ಉಪ್ಪನ್ನು ಕೊನೆಗೆ ಹಾಕಬೇಕೆನ್ನಲು ಇದೂ ಒಂದು ಕಾರಣ. ಹಾಗೆಂದು ಪಿಎಚ್ 4ಕ್ಕಿಂತ ಕೆಳಗೆ ಹೋದರೆ ಎಸ್‌ಎಲ್‌ಇಎಸ್ ತಾನೇ ನಿಧಾನವಾಗಿ ಒಡೆಯತೊಡಗುತ್ತದೆ.

ನೀರಿನ ವಿಷಯವನ್ನು ನಾವು ಮರೆತೇಬಿಡುತ್ತೇವೆ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಉಪ್ಪಿನ ಕೆಲಸವನ್ನೇ ಮಾಡುತ್ತವೆ, ಇನ್ನೂ ಬಲವಾಗಿ. ಮಳೆಗಾಲದ ನೀರಿಗೂ ಬೇಸಿಗೆಯ ನೀರಿಗೂ ಗಡಸುತನ ಬೇರೆಯಾದ್ದರಿಂದ, ಅಳತೆ ಒಂದೇ ಇದ್ದರೂ ಪ್ರತಿ ಬಾರಿಯೂ ಬೇರೆ ಬೇರೆ ಶಾಂಪೂ ತಯಾರಾಗುತ್ತದೆ. ಲವಣ ತೆಗೆದ ನೀರನ್ನು ಬಳಸುವುದು ಐಷಾರಾಮವಲ್ಲ. ಅಡುಗೆಮನೆಯ ಹರಳುಪ್ಪಿನ ಬದಲು ಶುದ್ಧ ಸೋಡಿಯಂ ಕ್ಲೋರೈಡ್ ಬಳಸುವುದೂ ಇದೇ ಕಾರಣಕ್ಕೆ.

ಗಟ್ಟಿ ಮಾಡಲು ಇನ್ನೊಂದು ಸುಲಭ ದಾರಿ ಕೋಕಮೈಡ್ ಡಿಇಎ. ನಮ್ಮಲ್ಲಿ ಸಿಡಿಇಎ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಣ್ಣೆಯಂಥ ದ್ರವ. ದಶಕಗಳಿಂದ ಎಲ್ಲರೂ ಬಳಸುತ್ತ ಬಂದದ್ದು, ನಾನೂ ಮಾರಿದ್ದು. ಆದರೆ ತೆಂಗಿನೆಣ್ಣೆ ಮತ್ತು ಡೈಎಥನಾಲಮೈನ್‌ನಿಂದಾಗುವ ಈ ವಸ್ತುವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ 2ಬಿ ಗುಂಪಿಗೆ ಸೇರಿಸಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2012ರಲ್ಲಿ ಇದನ್ನು ತನ್ನ ಎಚ್ಚರಿಕೆಯ ಪಟ್ಟಿಗೆ ತಂದಿತು. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದ ಮೇಲೆ ಆದ ವರ್ಗೀಕರಣವಿದು, ಗಾಬರಿಪಡುವ ಅಗತ್ಯವಿಲ್ಲ. ಆದರೂ ಬೀಟೇನ್‌ನಿಂದ ಅದೇ ಕೆಲಸ ಆಗುವಾಗ ಇದನ್ನು ಹಿಡಿದುಕೊಂಡಿರುವುದರಲ್ಲಿ ಅರ್ಥ ಕಾಣಲಿಲ್ಲವಾಗಿ, ಶಾಂಪೂ ತಯಾರಕರಿಗೆ ಅದನ್ನು ಮಾರುವುದನ್ನು ನಾನು ನಿಲ್ಲಿಸಿದ್ದೇನೆ.

ಗ್ರಾಹಕರ ಆಕ್ಷೇಪ

ಇಷ್ಟೆಲ್ಲ ಹೇಳಿದಾಗ ನಮ್ಮ ಮಂಡಳಿಯ ಸದಸ್ಯರೊಬ್ಬರು ನನಗೆ ಕೊಟ್ಟ ಉತ್ತರ ನೇರವಾಗಿತ್ತು: “ನಿಮ್ಮ ರಸಾಯನಶಾಸ್ತ್ರ ಸರಿ ಇರಬಹುದು ಸ್ವಾಮಿ, ಆದರೆ ತೆಳು ಶಾಂಪೂವನ್ನು ಯಾರು ಕೊಳ್ಳುತ್ತಾರೆ?” ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಂದತೆಗೂ ಉಪಯೋಗವಿದೆ. ತೀರ ತೆಳುವಾದ ಶಾಂಪೂ ಅಂಗೈಯಿಂದ ಸೋರಿಹೋಗುತ್ತದೆ, ಕಣ್ಣಿಗೆ ಇಳಿಯುತ್ತದೆ, ವ್ಯರ್ಥವಾಗುತ್ತದೆ. ತಲೆಹೊಟ್ಟಿನ ಶಾಂಪೂವಿನಲ್ಲಿ ಕರಗದ ಔಷಧದ ಕಣಗಳು ತಳಕ್ಕಿಳಿಯದಂತೆ ಮಂದತೆಯೇ ಎತ್ತಿಹಿಡಿಯಬೇಕು. ನಾನು ಹೇಳುತ್ತಿರುವುದು ಮಂದತೆ ಬೇಡವೆಂದಲ್ಲ. ಮೊದಲು ಮಾರ್ಜಕದ ಪ್ರಮಾಣವನ್ನು ನಿಶ್ಚಯಿಸಿ, ಆಮೇಲೆ ಮಂದತೆಯನ್ನು ಹೊಂದಿಸಬೇಕು. ಮಾರ್ಜಕ ಸಾಕಷ್ಟಿದ್ದರೆ ಸ್ವಲ್ಪ ಉಪ್ಪಿನಲ್ಲಿಯೇ ಹದ ಬರುತ್ತದೆ, ಬಂದದ್ದು ನಿಲ್ಲುತ್ತದೆ. ಮಾರ್ಜಕವನ್ನು ಕಡಿತಗೊಳಿಸಿ ಉಪ್ಪಿನಿಂದ ಮುಚ್ಚಿದಾಗಲೇ ಶಾಂಪೂ ಬೇಸಿಗೆಯಲ್ಲಿ ಕೈಕೊಡುವುದು.

ಇನ್ನು ದೊಡ್ಡವರೊಡನೆ ಸ್ಪರ್ಧೆಯ ಮಾತು. ಕಡಲೂರಿನ ಸಿ. ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಿಂದ ಚಿಕ್ ಶಾಂಪೂ ಆರಂಭಿಸಿದವರು; ಇಂದು ಕೆವಿನ್‌ಕೇರ್ ಎಂಬ ಸಂಸ್ಥೆಯಾಗಿರುವುದು ಅದೇ. ಅವರು ಗೆದ್ದದ್ದು ಸಣ್ಣ ಪೊಟ್ಟಣ, ಸುಗಂಧ, ಬೆಲೆ ಮತ್ತು ಹಳ್ಳಿಹಳ್ಳಿಗೆ ತಲುಪಿದ ಮಾರಾಟದಿಂದ. ನಮ್ಮಲ್ಲೇ ಹಿಂದಿನದೊಂದು ಉದಾಹರಣೆಯಿದೆ. ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪಿಸಿ, ಗಂಧದ ಸಾಬೂನಿಗೆ ಇಳಿಯುವ ಮುನ್ನ ಎಸ್. ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ತರಬೇತಿಗೆ ಕಳುಹಿಸಿತ್ತು. ಒಂದು ಸಂಸ್ಥಾನವೇ ಸಾಬೂನು ಮಾಡಲು ಅಷ್ಟು ಸಿದ್ಧತೆ ನಡೆಸಿತು; ನಾವಿಂದು ಮಹಿಳಾ ಸಂಘಗಳಿಗೆ ಒಂದು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚುತ್ತೇವೆ.

ಕಾನೂನಿನ ಅಂಶವನ್ನೂ ಸ್ಪಷ್ಟವಾಗಿ ಹೇಳಬೇಕು. ಮನೆಯ ಬಳಕೆಗೆ ಶಾಂಪೂ ಮಾಡಿಕೊಳ್ಳಲು ಯಾರ ಅನುಮತಿಯೂ ಬೇಡ. ಮಾರಾಟಕ್ಕೆ ತಯಾರಿಸುವುದಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ರಾಜ್ಯ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯಲೇಬೇಕು. ಅರ್ಜಿ ಸಿಒಎಸ್-5ರಲ್ಲಿ, ಪರವಾನಗಿ ಸಿಒಎಸ್-8ರಲ್ಲಿ. ಅರ್ಹ ತಾಂತ್ರಿಕ ಸಿಬ್ಬಂದಿ, ಸೂಕ್ತ ಸ್ಥಳ, ಪರೀಕ್ಷಾ ವ್ಯವಸ್ಥೆ ಬೇಕು. ಶಾಂಪೂವಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 7884 ಇದೆ. ಇದು ಸಣ್ಣ ಸಂಘಗಳಿಗೆ ಭಾರವೆಂಬುದನ್ನು ಒಪ್ಪುತ್ತೇನೆ. ಆದರೆ ಪರವಾನಗಿಯುಳ್ಳ ಬೇರೊಬ್ಬರ ಘಟಕದಲ್ಲಿ ತಮ್ಮ ಹೆಸರಿನ ಮಾಲನ್ನು ತಯಾರಿಸಿಕೊಳ್ಳಲು ಅವಕಾಶ ನೀಡುವ ಲೋನ್ ಲೈಸೆನ್ಸ್ ಪದ್ಧತಿಯೂ ಅದೇ ನಿಯಮಗಳಲ್ಲಿದೆ. ನಮ್ಮ ಭಾಗದಲ್ಲಿ ಇದನ್ನು ಬಳಸಿಕೊಂಡವರನ್ನು ನಾನು ಕಾಣೆ. ಕಾನೂನಿನ ತೊಡಕುಗಳನ್ನು ಕುರಿತು ಸಭೆಗಳಲ್ಲಿ ದೂರುವ ನಾವು, ಅದು ತೆರೆದಿಟ್ಟ ಬಾಗಿಲನ್ನು ತಟ್ಟಿಯೂ ನೋಡಿಲ್ಲ.

ತೆರಿಗೆಯ ಕಡೆಯಿಂದ ಕಾಲವೂ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂವಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಈ ಇಳಿಕೆಯಿಂದ ಉಳಿದದ್ದನ್ನು ಬೆಲೆ ಸಮರಕ್ಕೆ ಬಳಸುವುದೋ, ಸೀಸೆಯೊಳಗಿನ ಮಾರ್ಜಕವನ್ನು ಹೆಚ್ಚಿಸಲು ಬಳಸುವುದೋ ಎಂಬುದು ನಮ್ಮ ಮುಂದಿರುವ ಆಯ್ಕೆ. ಮಾರ್ಜಕಗಳು ಶೇ. 18ರಲ್ಲಿಯೇ ಉಳಿದಿರುವುದರಿಂದ ಕಚ್ಚಾ ಮಾಲಿಗೆ ಕೊಟ್ಟ ತೆರಿಗೆ ಸಿದ್ಧ ಮಾಲಿನ ತೆರಿಗೆಯಲ್ಲಿ ಪೂರ್ತಿ ಹೊಂದಾಣಿಕೆಯಾಗದೆ ಮರುಪಾವತಿಗೆ ಕಾಯಬೇಕಾದ ಸ್ಥಿತಿ ಸಣ್ಣವರಿಗೆ ಬರಬಹುದು. ಇದನ್ನು ಮಂಡಳಿಯು ಸಂಬಂಧಪಟ್ಟವರ ಗಮನಕ್ಕೆ ತರುವುದು ಅಗತ್ಯ.

ಮಂಡಳಿಗೆ ನನ್ನ ವಿನಂತಿ ಹೆಚ್ಚು ಖರ್ಚಿನದಲ್ಲ. ಮಂಡಳಿಯ ಕಟ್ಟಡದ ಒಂದು ಕೋಣೆಯಲ್ಲಿ ನಿಖರವಾದ ತಕ್ಕಡಿ, ಪಿಎಚ್ ಮಾಪಕ, 45 ಡಿಗ್ರಿಯಲ್ಲಿ ಸೀಸೆಗಳನ್ನಿಡುವ ಒಂದು ಬೆಚ್ಚನೆಯ ಪೆಟ್ಟಿಗೆ, ಸಾಧ್ಯವಾದರೆ ಸ್ನಿಗ್ಧತೆ ಅಳೆಯುವ ಒಂದು ಯಂತ್ರ ಇರಲಿ. ಯಂತ್ರ ಬರುವವರೆಗೆ ಒಂದೇ ಆಲಿಕೆಯಿಂದ, ಒಂದೇ ಉಷ್ಣತೆಯಲ್ಲಿ, ನೂರು ಮಿಲಿಲೀಟರ್ ಶಾಂಪೂ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಬರೆದಿಟ್ಟರೂ ಸಾಕು. ಕಣ್ಣಂದಾಜಿಗಿಂತ ಅದು ಎಷ್ಟೋ ವಾಸಿ. ಮಾರುಕಟ್ಟೆಗೆ ಹೋಗುವ ಪ್ರತಿ ತಯಾರಿಕೆಯಿಂದಲೂ ಒಂದು ಸೀಸೆ ಬೆಚ್ಚನೆಯ ಪೆಟ್ಟಿಗೆಗೆ, ಒಂದು ಫ್ರಿಜ್ಜಿಗೆ, ಒಂದು ಕಪಾಟಿಗೆ ಹೋಗಲಿ. ಕಚ್ಚಾ ಸಾಮಗ್ರಿ ಮಾರುವ ಸದಸ್ಯರು ಪ್ರತಿ ಡ್ರಮ್ಮಿನ ಜೊತೆ ತಯಾರಕರ ವಿಶ್ಲೇಷಣಾ ಪ್ರಮಾಣಪತ್ರದ ಪ್ರತಿ ಕೊಡಲಿ, ಚಿಲ್ಲರೆಯಾಗಿ ಕ್ಯಾನಿನಲ್ಲಿ ಕೊಡುವಾಗಲೂ ಸಕ್ರಿಯಾಂಶವನ್ನು ಅದರ ಮೇಲೆ ಬರೆಯಲಿ. ಇದಕ್ಕೆ ಯಾವ ಸರಕಾರಿ ಆದೇಶವೂ ಬೇಕಿಲ್ಲ. ನಮ್ಮ ಅಂಗಡಿಯಲ್ಲಿ ಈಗ ಅದನ್ನು ಆರಂಭಿಸಿದ್ದೇವೆ. ಅಳತೆಯಿಲ್ಲದ ಉಪ್ಪಿನ ಚೀಲವನ್ನು ಕಿಟ್‌ನಿಂದ ತೆಗೆದಿದ್ದೇವೆ. ವ್ಯಾಪಾರ ಸ್ವಲ್ಪ ಕುಗ್ಗಿದ್ದು ನಿಜ, ಏಕೆಂದರೆ ಪಕ್ಕದ ಬೀದಿಯಲ್ಲಿ ಉಪ್ಪಿನ ಚೀಲ ಇನ್ನೂ ಉಚಿತವಾಗಿ ದೊರೆಯುತ್ತದೆ.

‘ಶೇ. 100 ಗಿಡಮೂಲಿಕೆ’, ‘ರಾಸಾಯನಿಕ ಮುಕ್ತ’ ಎಂಬ ಚೀಟಿಗಳನ್ನು ಎಸ್‌ಎಲ್‌ಇಎಸ್ ತುಂಬಿದ ಸೀಸೆಗಳಿಗೆ ಅಂಟಿಸುವುದನ್ನೂ ನಿಲ್ಲಿಸಬೇಕೆಂದು ಇಲ್ಲಿಯೇ ಸೇರಿಸುತ್ತೇನೆ. ಶೇ. 1ಕ್ಕಿಂತ ಹೆಚ್ಚಿರುವ ಪ್ರತಿ ಪದಾರ್ಥವನ್ನೂ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಚೀಟಿಯ ಮೇಲೆ ಮುದ್ರಿಸಬೇಕೆಂಬುದು ನಿಯಮ. ಸೀಗೆಕಾಯಿಯ ಹೆಸರನ್ನು ಮುಂದಿಟ್ಟು ಮಾರ್ಜಕದ ಹೆಸರನ್ನು ಅಡಗಿಸುವ ಅಗತ್ಯವಾದರೂ ಏನಿದೆ? ಶೇ. 12ರಷ್ಟು ಸಕ್ರಿಯಾಂಶವಿರುವ ಮಾಲನ್ನು ಮಾಡಿದವರು ಅದನ್ನು ಹೆಮ್ಮೆಯಿಂದ ಚೀಟಿಯ ಮೇಲೆ ಬರೆದುಕೊಳ್ಳಬಹುದು. ಹಾಗೆ ಬರೆದವರನ್ನು ಅಂಗಡಿಯವರು ಕೇಳಿ ತರಿಸಿಕೊಳ್ಳುವ ಕಾಲ ಬರುವುದಕ್ಕೆ ಮೊದಲು ಯಾರಾದರೂ ಬರೆಯಬೇಕಷ್ಟೆ.

ಆ ಸಂಘದವರು ಜೂನ್‌ನಿಂದ ಮತ್ತೆ ಕೆಲಸ ಆರಂಭಿಸಿದ್ದಾರೆ, ಸದ್ಯಕ್ಕೆ ತಮ್ಮ ಸದಸ್ಯೆಯರ ಮನೆಬಳಕೆಗೆ ಮಾತ್ರ. ಇಪ್ಪತ್ತು ಲೀಟರಿಗಿಂತ ಹೆಚ್ಚು ಒಮ್ಮೆಗೆ ಮಾಡುವುದಿಲ್ಲ. ನೀರಿನ ಮೂಲ, ಪಿಎಚ್, ಉಪ್ಪುನೀರಿನ ತೂಕ, ಆಲಿಕೆಯಿಂದ ಇಳಿದ ಸೆಕೆಂಡುಗಳು, ಇವುಗಳನ್ನು ಶಾಲೆಯ ನೋಟುಪುಸ್ತಕವೊಂದರಲ್ಲಿ ಆ ಹಿರಿಯ ಸದಸ್ಯೆಯ ಮಗಳು ಬರೆಯುತ್ತಾಳೆ. ಪರವಾನಗಿಯುಳ್ಳ ಘಟಕವೊಂದು ಲೋನ್ ಲೈಸೆನ್ಸಿಗೆ ಒಪ್ಪಿದರೆ ಮುಂದಿನ ಬೇಸಿಗೆಯ ಹೊತ್ತಿಗೆ ಅವರ ಸೀಸೆ ಮತ್ತೆ ಅಂಗಡಿಗೆ ಬರಬಹುದು. ಅಂಥ ಘಟಕವುಳ್ಳ ಸದಸ್ಯರು ಈ ಲೇಖನವನ್ನು ಓದಿದ್ದರೆ ದಯವಿಟ್ಟು ಮಂಡಳಿಯ ಕಚೇರಿಗೆ ತಿಳಿಸಬೇಕು. ಸಣ್ಣ ಕೈಗಾರಿಕಾ ಉಪಸಮಿತಿಯ ಮುಂದಿನ ಸಭೆಗೆ ನಾನು ಆ ನೋಟುಪುಸ್ತಕವನ್ನೂ ಚೀಟಿಯಿಲ್ಲದ ಆರು ಸೀಸೆಗಳನ್ನೂ ತರುವವನಿದ್ದೇನೆ. ಇತರ ಸದಸ್ಯರೂ ತಮ್ಮ ಮಾಲಿನ ಒಂದೊಂದು ಸೀಸೆಯನ್ನು, ಅದರ ಮಾರ್ಜಕದ ಪ್ರಮಾಣಪತ್ರದೊಡನೆ, ತರುವರೆಂದು ನಿರೀಕ್ಷಿಸುತ್ತೇನೆ.